ನಿದ್ರೆಯ ಮಾತ್ರೆ: ಯಾವುದು, ಯಾರಿಗೆ, ಎಷ್ಟು ದಿನ?

ನಮ್ಮ ಅನೇಕ ಮನೆಗಳಲ್ಲಿ ಹಿರಿಯರ ತಲೆದಿಂಬಿನ ಬಳಿ ಮಾತ್ರೆಯ ಒಂದು ಪಟ್ಟಿ ಇರುತ್ತದೆ. ಯಾವುದೋ ಶಸ್ತ್ರಚಿಕಿತ್ಸೆಯ ತರುವಾಯ, ಇಲ್ಲವೇ ಮನೆಯಲ್ಲಿ ಸಾವು ಸಂಭವಿಸಿದ ದಿನಗಳಲ್ಲಿ, ಹತ್ತು ದಿನಗಳಿಗೆಂದು ವೈದ್ಯರು ಬರೆದುಕೊಟ್ಟದ್ದು ಅದು. ಆ ಹತ್ತು ದಿನ ಹತ್ತು ವರ್ಷವಾಗಿದೆ. ಚೀಟಿ ಹಳದಿಯಾಗಿ ಮಡಿಕೆಯಲ್ಲಿ ಹರಿದಿದೆ. ಮಾತ್ರೆ ಮಾತ್ರ ನಿಂತಿಲ್ಲ. ‘ನನಗೆ ಇದರಿಂದ ಒಳ್ಳೆಯ ನಿದ್ರೆ ಬರುತ್ತದೆ, ನೀವೂ ಅರ್ಧ ತೆಗೆದುಕೊಂಡು ನೋಡಿ’ ಎಂದು ಅದು ನೆರೆಮನೆಯವರ ಕೈಗೂ ದಾಟುತ್ತದೆ. ಕೊಡುವವರ ಮನಸ್ಸಿನಲ್ಲಿರುವುದು ಕರುಣೆಯೇ. ಆದರೆ ಕರುಣೆಯಿಂದ ಕೊಟ್ಟ ಮಾತ್ರೆಯೂ ಬಚ್ಚಲುಮನೆಯಲ್ಲಿ ಕಾಲು ಜಾರಿಸಬಲ್ಲದು.

ನಿದ್ರೆ ಬಾರದವರ ಸಂಕಟ ದೊಡ್ಡದು. ಇರುಳೆಲ್ಲ ಗೋಡೆಗಡಿಯಾರದ ಸದ್ದು ಎಣಿಸಿದವರಿಗೆ ‘ಮಾತ್ರೆ ಬೇಡ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಕೆಲವರಿಗೆ, ಕೆಲವು ದಿನಗಳ ಮಟ್ಟಿಗೆ, ಔಷಧ ಬೇಕಾಗುತ್ತದೆ. ಹಾಗೆ ಬೇಕಾದಾಗ ಹೆಚ್ಚು ಸುರಕ್ಷಿತವಾದುದನ್ನು ಆಯ್ದುಕೊಳ್ಳುವ ಬಗೆ ಯಾವುದು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಬಯಸುತ್ತೇವೆ. ಆರಂಭದಲ್ಲಿಯೇ ಒಂದು ಎಚ್ಚರಿಕೆ: ಈಗಾಗಲೇ ಹಲವು ತಿಂಗಳುಗಳಿಂದ ನಿತ್ಯ ನಿದ್ರೆಯ ಮಾತ್ರೆ ಸೇವಿಸುತ್ತಿರುವವರು ಈ ಲೇಖನವನ್ನು ಓದಿ ಇಂದೇ ಅದನ್ನು ನಿಲ್ಲಿಸಬಾರದು. ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ನಿಲ್ಲಿಸುವ ಕ್ರಮವನ್ನು ಮುಂದೆ ಹೇಳಿದ್ದೇವೆ.

ಮೊದಲು ಕಾರಣವನ್ನು ಅರಿಯೋಣ

ಒಂದೆರಡು ರಾತ್ರಿ ನಿದ್ರೆ ಬಾರದಿರುವುದು ರೋಗವಲ್ಲ. ವಾರಕ್ಕೆ ಕನಿಷ್ಠ 3 ರಾತ್ರಿ, ಕನಿಷ್ಠ 3 ತಿಂಗಳ ಕಾಲ, ಮಲಗಲು ಸಾಕಷ್ಟು ಸಮಯ ಮತ್ತು ಅನುಕೂಲವಿದ್ದೂ ನಿದ್ರೆ ಹತ್ತದಿದ್ದರೆ, ನಡುವೆ ಎಚ್ಚರವಾಗುತ್ತಿದ್ದರೆ, ಅಥವಾ ಬೇಗನೆ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿದ್ದರೆ, ಮತ್ತು ಅದರಿಂದ ಹಗಲಿನ ಕಾಯಕಕ್ಕೆ ತೊಂದರೆಯಾಗುತ್ತಿದ್ದರೆ ವೈದ್ಯಶಾಸ್ತ್ರವು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತದೆ. ವಯಸ್ಸಾದಂತೆ ನಿದ್ರೆ ಹಗುರವಾಗುವುದು, ಬೇಗ ಮಲಗಿ ಬೇಗ ಏಳುವುದು ಸಹಜ. ಎಂಟು ಗಂಟೆಗೆ ಹಾಸಿಗೆ ಹಿಡಿದವರು ಮೂರು ಗಂಟೆಗೆ ಎಚ್ಚರವಾಯಿತೆಂದು ದುಃಖಿಸಬೇಕಾಗಿಲ್ಲ. ಅವರ ಏಳು ಗಂಟೆಯ ನಿದ್ರೆ ಮುಗಿದಿರುತ್ತದೆ.

ಅನೇಕ ವೇಳೆ ನಿದ್ರಾಹೀನತೆಯು ಬೇರೊಂದು ತೊಂದರೆಯ ನೆರಳು. ಪ್ರಾಸ್ಟೇಟ್ ಗ್ರಂಥಿ ಹಿಗ್ಗಿದವರು ಮತ್ತು ಸಕ್ಕರೆ ಹತೋಟಿ ತಪ್ಪಿದ ಮಧುಮೇಹಿಗಳು ಮೂತ್ರಕ್ಕಾಗಿ ಪದೇ ಪದೇ ಏಳುತ್ತಾರೆ. ಥೈರಾಯ್ಡ್ ಹೆಚ್ಚಾದವರಿಗೆ ಎದೆಬಡಿತ ಜೋರಾಗಿ ನಿದ್ರೆ ಹತ್ತುವುದಿಲ್ಲ. ಸಂಜೆಯಾದರೆ ಕಾಲುಗಳಲ್ಲಿ ಹೇಳಲಾಗದ ಚಡಪಡಿಕೆ ಉಂಟಾಗಿ, ನಡೆದಾಡಿದರೆ ತಗ್ಗುವವರಲ್ಲಿ ಕಬ್ಬಿಣದ ಕೊರತೆ ಇರಬಹುದು. ನಸುಕಿನಲ್ಲಿಯೇ ಎಚ್ಚರವಾಗಿ ಮನಸ್ಸು ಕುಗ್ಗುವುದು ಖಿನ್ನತೆಯ ಲಕ್ಷಣವಾಗಿರಬಹುದು. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯನ್ನು ರಾತ್ರಿ ಸೇವಿಸುವುದು, ಸ್ಟೀರಾಯ್ಡ್ ಮಾತ್ರೆಯನ್ನು ಸಂಜೆ ಸೇವಿಸುವುದು ಕೂಡ ನಿದ್ರೆ ಕೆಡಿಸುತ್ತದೆ. ವೈದ್ಯರು ಅವುಗಳ ಸಮಯವನ್ನು ಬೆಳಗಿಗೆ ಬದಲಿಸಿದರೆ ಬೇರೆ ಔಷಧವೇ ಬೇಡವಾಗಬಹುದು.

ಎಲ್ಲಕ್ಕಿಂತ ಮುಖ್ಯವಾಗಿ ಗೊರಕೆಯನ್ನು ಗಮನಿಸಬೇಕು. ಜೋರಾಗಿ ಗೊರಕೆ ಹೊಡೆಯುತ್ತ, ನಡುವೆ ಉಸಿರು ಕೆಲವು ಕ್ಷಣ ನಿಂತು, ಮತ್ತೆ ಬೆಚ್ಚಿದಂತೆ ಉಸಿರೆಳೆದುಕೊಳ್ಳುವವರಿಗೆ ನಿದ್ರಾ ಉಸಿರುಗಟ್ಟುವಿಕೆ ಇರುವ ಸಂಭವವಿದೆ. ಅಂಥವರಿಗೆ ನಿದ್ರೆ ಒತ್ತರಿಸುವ ಮಾತ್ರೆ ಕೊಟ್ಟರೆ ಗಂಟಲಿನ ಸ್ನಾಯುಗಳು ಮತ್ತಷ್ಟು ಸಡಿಲಗೊಂಡು ಉಸಿರಾಟಕ್ಕೆ ಕುತ್ತು ಬರುತ್ತದೆ. ಈ ಲಕ್ಷಣ ರೋಗಿಗೆ ತಿಳಿಯದು, ಪಕ್ಕದಲ್ಲಿ ಮಲಗುವವರಿಗೆ ತಿಳಿಯುತ್ತದೆ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮನೆಯವರೊಬ್ಬರು ಜೊತೆಗಿರುವುದು ಒಳಿತು.

ಮೊದಲ ಚಿಕಿತ್ಸೆ ಮಾತ್ರೆಯಲ್ಲ

ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದ ಚಿಕಿತ್ಸೆ ಔಷಧವಲ್ಲ ಎಂದು ಅಮೆರಿಕದ ವೈದ್ಯರ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಸೂಚಿಸಿತು. ಯುರೋಪಿನ ನಿದ್ರಾತಜ್ಞರ ಮಾರ್ಗಸೂಚಿಯೂ 2017ರಲ್ಲಿ, ಮತ್ತೆ 2023ರಲ್ಲಿ ಅದನ್ನೇ ಹೇಳಿತು. ಅವರು ಸೂಚಿಸಿದ್ದು ಅರಿವು-ವರ್ತನಾ ಚಿಕಿತ್ಸೆಯನ್ನು. ಹೆಸರು ಭಾರವಾಗಿದ್ದರೂ ತಿರುಳು ಸರಳ.

ನಿದ್ರೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು. ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ರೆ ಹತ್ತದಿದ್ದರೆ ಎದ್ದು ಬಂದು ಮಂದ ಬೆಳಕಿನಲ್ಲಿ ಕುಳಿತು, ಮತ್ತೆ ತೂಕಡಿಕೆ ಬಂದಾಗಲೇ ಮರಳುವುದು. ರಾತ್ರಿ ಹೇಗೆಯೇ ಕಳೆದಿರಲಿ, ಬೆಳಿಗ್ಗೆ ನಿಗದಿತ ಹೊತ್ತಿಗೆ ಏಳುವುದು. ಹಗಲಿನ ದೀರ್ಘ ನಿದ್ರೆಯನ್ನು ಬಿಡುವುದು. ನಿಜವಾಗಿ ನಿದ್ರಿಸುವುದು ಐದೂವರೆ ಗಂಟೆಯಾಗಿದ್ದರೆ ಒಂಬತ್ತು ಗಂಟೆ ಹಾಸಿಗೆಯಲ್ಲಿ ಹೊರಳಾಡುವ ಬದಲು, ಹಾಸಿಗೆಯ ವೇಳೆಯನ್ನು ಐದೂವರೆ ಆರು ಗಂಟೆಗೆ ಇಳಿಸಿ, ನಿದ್ರೆ ಗಟ್ಟಿಯಾದಂತೆ ಮತ್ತೆ ಏರಿಸುತ್ತ ಹೋಗುವುದು. ಅದನ್ನು ಐದು ಗಂಟೆಗಿಂತ ಕೆಳಗೆ ಇಳಿಸಬಾರದು. ಮೂರ್ಛೆರೋಗ ಉಳ್ಳವರು, ಉನ್ಮಾದ-ಖಿನ್ನತೆಯ ಕಾಯಿಲೆ ಉಳ್ಳವರು, ವಾಹನ ಓಡಿಸುವ ಕೆಲಸದವರು ಈ ಕೊನೆಯ ಕ್ರಮವನ್ನು ತಜ್ಞರ ನಿಗಾ ಇಲ್ಲದೆ ಮಾಡಕೂಡದು. ಇದರೊಂದಿಗೆ ಮಧ್ಯಾಹ್ನದ ಬಳಿಕ ಚಹಾ, ಕಾಫಿ ಬಿಡಬೇಕು. ಒಂದು ಲೋಟ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಗಳ ನಂತರವೂ ರಕ್ತದಲ್ಲಿರುತ್ತದೆ.

ಈ ಕ್ರಮದ ಫಲ ಕಾಣಲು ಕೆಲವು ವಾರ ಹಿಡಿಯುತ್ತದೆ. ಮೊದಲ ವಾರ ಕಷ್ಟವೂ ಆಗುತ್ತದೆ. ಆದರೆ ಚಿಕಿತ್ಸೆ ಮುಗಿದ ಮೇಲೆಯೂ ಫಲ ಉಳಿಯುತ್ತದೆ. ಮಾತ್ರೆಯ ಫಲ ಮಾತ್ರೆಯೊಂದಿಗೆ ಮುಗಿಯುತ್ತದೆ.

‘ಸುರಕ್ಷಿತ’ ಎಂಬ ಮಾತಿನ ಚರಿತ್ರೆ

ಔಷಧವೇ ಬೇಕಾದಾಗ ‘ಇದು ಪೂರ್ಣ ಸುರಕ್ಷಿತ’ ಎಂಬ ಮಾತನ್ನು ಎಷ್ಟು ನಂಬಬೇಕು? ಚರಿತ್ರೆಯೇ ಉತ್ತರಿಸುತ್ತದೆ. 1903ರಲ್ಲಿ ಜರ್ಮನಿಯಲ್ಲಿ ಬೆಳಕಿಗೆ ಬಂದ ಬಾರ್ಬಿಟಾಲ್ ಮತ್ತು ಅದರ ಬಳಗದ ಔಷಧಗಳು ಅರ್ಧ ಶತಮಾನ ಕಾಲ ನಿದ್ರೆಯ ಮದ್ದುಗಳಾಗಿದ್ದವು. ಪ್ರಮಾಣ ತುಸು ಮೀರಿದರೆ ಉಸಿರೇ ನಿಲ್ಲಿಸುತ್ತಿದ್ದ ಅವು ಅನೇಕರನ್ನು ಬಲಿ ತೆಗೆದುಕೊಂಡವು. ಅವುಗಳ ಬದಲಿಗೆ, ಹಾನಿಯಿಲ್ಲದ್ದು ಎಂಬ ಪ್ರಚಾರದೊಡನೆ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಮಾರಾಟಕ್ಕೆ ಬಂತು. ಗರ್ಭಿಣಿಯರೂ ಸೇವಿಸಿದರು. ಕೈಕಾಲುಗಳು ಬೆಳೆಯದ ಸಾವಿರಾರು ಶಿಶುಗಳು ಜನಿಸಿದ ಮೇಲೆ 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

1960ರ ದಶಕದಲ್ಲಿ ಬಂದ ಬೆಂಜೊಡಯಾಜೆಪೀನ್ ಬಳಗ ಬಾರ್ಬಿಟಾಲಿಗಿಂತ ನಿಜಕ್ಕೂ ಸುರಕ್ಷಿತವಾಗಿತ್ತು. ಆದರೆ ಅದನ್ನು ಬಿಡಲಾರದ ಅವಲಂಬನೆ ಬೆಳೆಯುತ್ತದೆಂದು ಕ್ರಮೇಣ ತಿಳಿಯಿತು. ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು 1988ರಲ್ಲಿ ಇದರ ಬಳಕೆಯನ್ನು 2ರಿಂದ 4 ವಾರಗಳಿಗೆ ಮಿತಗೊಳಿಸುವಂತೆ ಸೂಚಿಸಿತು. ಆ ಬಳಿಕ ಜೋಲ್ಪಿಡೆಮ್ ಮೊದಲಾದವು ಬಂದವು. ಅವುಗಳ ಮೇಲೂ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತನ್ನ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಮುದ್ರಿಸುವಂತೆ ಮಾಡಿತು. ಪ್ರತಿ ತಲೆಮಾರಿನ ಔಷಧವೂ ಹಿಂದಿನದಕ್ಕಿಂತ ಸುರಕ್ಷಿತವೆಂದೇ ಬಂದಿದೆ, ಪ್ರತಿಯೊಂದರ ದೋಷವೂ ಬಳಕೆಯಾದ ಮೇಲೆ ತಿಳಿದಿದೆ. ಆದ್ದರಿಂದ ಸುರಕ್ಷತೆಯೆಂಬುದು ಮಾತ್ರೆಯ ಹೆಸರಿನಲ್ಲಿಲ್ಲ. ಯಾರಿಗೆ, ಯಾವ ಬಗೆಯ ನಿದ್ರಾಹೀನತೆಗೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಎಂಬ ನಾಲ್ಕು ಪ್ರಶ್ನೆಗಳ ಉತ್ತರದಲ್ಲಿದೆ.

ಬೆಂಜೊಡಯಾಜೆಪೀನ್ ಬಳಗ

ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್, ಡಯಾಜೆಪಾಮ್, ಲೊರಾಜೆಪಾಮ್, ನೈಟ್ರಾಜೆಪಾಮ್ ಈ ಬಳಗಕ್ಕೆ ಸೇರಿವೆ. ಮಾತ್ರೆ ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರು ದೊಡ್ಡದಾಗಿರುತ್ತದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ಈ ಹೆಸರು ಇರುತ್ತದೆ. ಅದನ್ನು ಓದುವುದನ್ನು ರೂಢಿಸಿಕೊಳ್ಳಬೇಕು. ಮೆದುಳನ್ನು ತಣಿಸುವ ಸಹಜ ರಾಸಾಯನಿಕವೊಂದರ ಬಲವನ್ನು ಇವು ಹೆಚ್ಚಿಸುತ್ತವೆ. ಮೊದಲ ದಿನಗಳಲ್ಲಿ ನಿದ್ರೆ ಬೇಗ ಹತ್ತುತ್ತದೆ. ಕೆಲವು ವಾರಗಳಲ್ಲಿ ಮೆದುಳು ಒಗ್ಗಿಕೊಂಡು ಅದೇ ಪ್ರಮಾಣ ಸಾಲದಾಗುತ್ತದೆ. ಬಿಟ್ಟರೆ ಮೊದಲಿಗಿಂತ ಹೆಚ್ಚು ಎಚ್ಚರ, ಕಳವಳ ಕಾಡುತ್ತದೆ. ‘ಮಾತ್ರೆ ಇಲ್ಲದೆ ನನಗೆ ನಿದ್ರೆಯೇ ಬಾರದು’ ಎಂದು ಹೇಳುವವರಲ್ಲಿ ಹಲವರು ಅನುಭವಿಸುತ್ತಿರುವುದು ಹಳೆಯ ನಿದ್ರಾಹೀನತೆಯನ್ನಲ್ಲ, ಮಾತ್ರೆ ಬಿಟ್ಟದ್ದರ ಪರಿಣಾಮವನ್ನು.

ಇವು ದೇಹದಲ್ಲಿ ಉಳಿಯುವ ಕಾಲವೂ ಬೇರೆ ಬೇರೆ. ಕ್ಲೋನಾಜೆಪಾಮ್‌ನ ಅರ್ಧ ಭಾಗ ದೇಹದಿಂದ ಹೋಗಲು 30ರಿಂದ 40 ಗಂಟೆ ಬೇಕು. ಡಯಾಜೆಪಾಮ್ ಮತ್ತು ಅದರಿಂದ ಹುಟ್ಟುವ ವಸ್ತುಗಳು ಇನ್ನೂ ಹೆಚ್ಚು ಕಾಲ ಉಳಿಯುತ್ತವೆ. ದಿನವೂ ಸೇವಿಸಿದರೆ ನಿನ್ನೆಯದರ ಮೇಲೆ ಇಂದಿನದು ಸೇರಿಕೊಳ್ಳುತ್ತದೆ. ಮದ್ಯದೊಡನೆ ಅಥವಾ ಟ್ರಮಡಾಲ್, ಕೊಡೀನ್‌ನಂತಹ ನೋವು-ಕೆಮ್ಮಿನ ಔಷಧಗಳೊಡನೆ ಇವು ಸೇರಿದರೆ ಉಸಿರಾಟ ನಿಲ್ಲುವ ಅಪಾಯವಿದೆ. ಅತಿ ಆತಂಕದ ಕೆಲವು ಸಂದರ್ಭಗಳಲ್ಲಿ ವೈದ್ಯರು ಕೆಲವು ದಿನಗಳಿಗೆ ಇವನ್ನು ಬರೆಯುವುದುಂಟು, ಮೂರ್ಛೆರೋಗಕ್ಕೂ ಇವುಗಳಲ್ಲಿ ಕೆಲವು ಬೇಕು. ಆದರೆ ನಿತ್ಯದ ನಿದ್ರೆಗಾಗಿ ವರ್ಷಗಟ್ಟಲೆ ಸೇವಿಸಲು ಇವು ತಕ್ಕವಲ್ಲ.

ಜೋಲ್ಪಿಡೆಮ್ ಮತ್ತು ಎಸ್ಜೋಪಿಕ್ಲೋನ್

ಇವು ನಿದ್ರೆಗೆಂದೇ ರೂಪಿಸಿದವು. ಮೆದುಳಿನಲ್ಲಿ ಕೆಲಸ ಮಾಡುವ ಬಗೆ ಹಿಂದಿನ ಬಳಗಕ್ಕೆ ಹತ್ತಿರದ್ದೇ. ಜೋಲ್ಪಿಡೆಮ್ ದೇಹದಿಂದ ಬೇಗ ಹೊರಹೋಗುವುದರಿಂದ ನಿದ್ರೆ ಹತ್ತದವರಿಗೆ ಅಲ್ಪಕಾಲಕ್ಕೆ ನೆರವಾಗುತ್ತದೆ. ಆದರೂ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಮಹಿಳೆಯರಿಗೆ ಇದರ ಆರಂಭದ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5 ಮಿಲಿಗ್ರಾಂಗೆ ಇಳಿಸಿತು. 10 ಮಿಲಿಗ್ರಾಂ ಸೇವಿಸಿ ಎಂಟು ಗಂಟೆ ಕಳೆದ ಮೇಲೆಯೂ 100 ಮಹಿಳೆಯರಲ್ಲಿ ಸುಮಾರು 15 ಮಂದಿಯ, 100 ಪುರುಷರಲ್ಲಿ ಸುಮಾರು 3 ಮಂದಿಯ ರಕ್ತದಲ್ಲಿ ವಾಹನ ಚಾಲನೆಗೆ ಅಡ್ಡಿಯಾಗುವಷ್ಟು ಔಷಧ ಉಳಿದಿತ್ತು.

ಭಕ್ತರು ಇದನ್ನು ವಿಶೇಷವಾಗಿ ಗಮನಿಸಬೇಕು. ನಮ್ಮಲ್ಲಿ ಅನೇಕರು ನಸುಕಿನ ನಾಲ್ಕೂವರೆಗೆ ಎದ್ದು, ಸ್ನಾನ ಮುಗಿಸಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವವರು. ನಿದ್ರೆ ಬಾರದೆ ರಾತ್ರಿ ಹನ್ನೆರಡಕ್ಕೆ ಜೋಲ್ಪಿಡೆಮ್ ನುಂಗಿದರೆ ಏಳುವ ಹೊತ್ತಿಗೆ ನಾಲ್ಕೂವರೆ ಗಂಟೆಯಷ್ಟೇ ಕಳೆದಿರುತ್ತದೆ. ಮುಂದೆ 7ರಿಂದ 8 ಗಂಟೆ ಮಲಗಲು ಅವಕಾಶವಿದ್ದರೆ ಮಾತ್ರ ಈ ಮಾತ್ರೆ ಸೇವಿಸಬೇಕೆಂಬುದು ನಿಯಮ. ಒದ್ದೆ ನೆಲ, ಕತ್ತಲೆ, ರಕ್ತದಲ್ಲಿ ಉಳಿದ ಮಾತ್ರೆ ಈ ಮೂರೂ ಕೂಡಿದರೆ ಬೀಳುವುದು ಸುಲಭ.

ಇನ್ನೊಂದು ವಿಚಿತ್ರವಾದ ಪರಿಣಾಮವಿದೆ. ಕೆಲವರು ಈ ಮಾತ್ರೆ ನುಂಗಿ, ಪೂರ್ಣ ಎಚ್ಚರವಿಲ್ಲದೆಯೇ ಎದ್ದು ನಡೆದಿದ್ದಾರೆ, ಒಲೆ ಹಚ್ಚಿದ್ದಾರೆ, ವಾಹನ ಓಡಿಸಿದ್ದಾರೆ. ಬೆಳಿಗ್ಗೆ ಅವರಿಗೆ ಏನೂ ನೆನಪಿಲ್ಲ. 2019ರ ಕಟು ಎಚ್ಚರಿಕೆ ಬಂದದ್ದು ಇದರಿಂದಲೇ. ಒಮ್ಮೆ ಹೀಗಾದವರು ಈ ಔಷಧವನ್ನು ಮತ್ತೆ ಸೇವಿಸಲೇಬಾರದು. ಎಸ್ಜೋಪಿಕ್ಲೋನ್ ಹೆಚ್ಚು ಹೊತ್ತು ನಿದ್ರೆ ಹಿಡಿದಿಡುತ್ತದೆ, ಬಾಯಿಯಲ್ಲಿ ಕಹಿ ಉಳಿಸುತ್ತದೆ. ಎಚ್ಚರಿಕೆ ಅದಕ್ಕೂ ಅನ್ವಯಿಸುತ್ತದೆ.

ಅವಲಂಬನೆ ಕಡಿಮೆ ಇರುವ ಆಯ್ಕೆಗಳು

ಮೆಲಟೋನಿನ್ ಎಂಬುದು ಕತ್ತಲಾದ ಮೇಲೆ ನಮ್ಮ ಮೆದುಳೇ ಸ್ರವಿಸುವ ಹಾರ್ಮೋನು. ಅದು ನಿದ್ರೆಯನ್ನು ಒತ್ತರಿಸುವುದಿಲ್ಲ, ‘ಇರುಳಾಯಿತು’ ಎಂದು ದೇಹಕ್ಕೆ ಸೂಚಿಸುತ್ತದೆ. ಚಟ ಹಿಡಿಸುವುದಿಲ್ಲ. ಆದರೆ ಫಲವೂ ಅಲ್ಪ: ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2013ರಲ್ಲಿ ಲೆಕ್ಕ ಹಾಕಿದಾಗ ನಿದ್ರೆ ಹತ್ತುವ ಕಾಲ ಸರಾಸರಿ 7 ನಿಮಿಷ ಮಾತ್ರ ತಗ್ಗಿತ್ತು. ತಡರಾತ್ರಿಯವರೆಗೆ ನಿದ್ರೆಯೇ ಸುಳಿಯದೆ ಬೆಳಿಗ್ಗೆ ತಡವಾಗಿ ಏಳುವವರಿಗೆ, ದೂರದೇಶದ ಪ್ರಯಾಣದಿಂದ ಹೊತ್ತು ತಪ್ಪಿದವರಿಗೆ ಇದು ಹೆಚ್ಚು ಉಪಯುಕ್ತ. ಯುರೋಪಿನಲ್ಲಿ 55 ವರ್ಷ ಮೀರಿದವರಿಗಾಗಿ ನಿಧಾನವಾಗಿ ಬಿಡುಗಡೆಯಾಗುವ 2 ಮಿಲಿಗ್ರಾಂ ಮಾತ್ರೆಗೆ 2007ರಲ್ಲಿ ಅನುಮತಿ ದೊರೆಯಿತು. ಪೂರಕ ಆಹಾರವೆಂದು ಮಾರುವ ಮೆಲಟೋನಿನ್ ಬಗೆಗೆ ಮಾತ್ರ ಎಚ್ಚರ ಬೇಕು. ಕೆನಡಾದಲ್ಲಿ 31 ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೆಲವುಗಳಲ್ಲಿ ನಮೂದಿಸಿದ್ದಕ್ಕಿಂತ ಶೇ. 83ರಷ್ಟು ಕಡಿಮೆ, ಒಂದರಲ್ಲಿ ಶೇ. 478ರಷ್ಟು ಹೆಚ್ಚು ಮೆಲಟೋನಿನ್ ಕಂಡುಬಂದಿತ್ತು. ರಾಮೆಲ್ಟಿಯಾನ್ ಎಂಬ ಔಷಧವೂ ಮೆಲಟೋನಿನ್ ಹಾದಿಯಲ್ಲಿಯೇ ಕೆಲಸ ಮಾಡುತ್ತದೆ. ನಿದ್ರೆ ಹತ್ತದವರಿಗೆ ಅದರಿಂದ ತುಸು ನೆರವು, ಅವಲಂಬನೆ ಇಲ್ಲ.

ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ರೆ ಬಾರದವರಿಗೆ ಡಾಕ್ಸೆಪಿನ್ ಎಂಬ ಹಳೆಯ ಔಷಧವನ್ನು 3 ಅಥವಾ 6 ಮಿಲಿಗ್ರಾಂನಷ್ಟು ಅಲ್ಪ ಪ್ರಮಾಣದಲ್ಲಿ ಕೊಡುವುದಕ್ಕೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ದೊರೆಯಿತು. ಇಲ್ಲಿ ಪ್ರಮಾಣವೇ ಎಲ್ಲವೂ. ಖಿನ್ನತೆಗೆ ಕೊಡುವ ದೊಡ್ಡ ಪ್ರಮಾಣದಲ್ಲಿ ಇದೇ ಔಷಧ ಬಾಯಿ ಒಣಗಿಸುತ್ತದೆ, ಮೂತ್ರ ಕಟ್ಟಿಸುತ್ತದೆ, ಹಿರಿಯರಲ್ಲಿ ಗಲಿಬಿಲಿ ತರುತ್ತದೆ. ಚಿಕಿತ್ಸೆ ಪಡೆಯದ ಗ್ಲಾಕೋಮಾ ಉಳ್ಳವರಿಗೆ, ಮೂತ್ರ ಕಟ್ಟುವವರಿಗೆ ಅಲ್ಪ ಪ್ರಮಾಣವೂ ಸಲ್ಲದು.

ಒರೆಕ್ಸಿನ್ ತಡೆಗಳೆಂಬ ಹೊಸ ಬಳಗ ಮೆದುಳಿನ ಎಚ್ಚರದ ಸಂಕೇತವನ್ನು ತಗ್ಗಿಸುತ್ತದೆ. ಸುವೊರೆಕ್ಸಾಂಟ್‌ಗೆ 2014ರಲ್ಲಿ, ಲೆಂಬೊರೆಕ್ಸಾಂಟ್‌ಗೆ 2019ರಲ್ಲಿ, ಡಾರಿಡೊರೆಕ್ಸಾಂಟ್‌ಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ನಿದ್ರೆ ಹತ್ತುವುದಕ್ಕೂ ಉಳಿಯುವುದಕ್ಕೂ ಇವು ನೆರವಾಗುತ್ತವೆ. ಬಿಟ್ಟಾಗಿನ ಕಾಟ ಬೆಂಜೊಡಯಾಜೆಪೀನಿಗಿಂತ ಕಡಿಮೆ. ಮರುದಿನದ ಜಡತೆ, ಎಚ್ಚರವಾದಾಗ ಕೆಲವು ಕ್ಷಣ ಕೈಕಾಲು ಆಡದಿರುವ ಅನುಭವ ಇವುಗಳಿಂದಲೂ ಆಗಬಹುದು. ಹಗಲಲ್ಲಿ ತಡೆಯಲಾಗದ ನಿದ್ರೆ ಬರುವ ನಾರ್ಕೊಲೆಪ್ಸಿ ರೋಗಿಗಳಿಗೆ ಇವು ನಿಷಿದ್ಧ.

ಹಾಗಾದರೆ ಎಲ್ಲಕ್ಕಿಂತ ಉತ್ತಮವಾದುದು ಯಾವುದು? 30 ಔಷಧಗಳ 154 ಪರೀಕ್ಷೆಗಳನ್ನು ಹೋಲಿಸಿದ ಅಧ್ಯಯನವೊಂದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಸ್ಜೋಪಿಕ್ಲೋನ್ ಮತ್ತು ಲೆಂಬೊರೆಕ್ಸಾಂಟ್ ಫಲದಲ್ಲಿ ಮುಂದಿದ್ದವು. ಆದರೆ ಮೊದಲನೆಯದರ ಅಡ್ಡಪರಿಣಾಮ ಗಣನೀಯ. ಎರಡನೆಯದರ ಸುರಕ್ಷತೆಯ ಬಗೆಗೆ ಮಾಹಿತಿ ಸಾಲದು. ದೋಷವೇ ಇಲ್ಲದ ಔಷಧ ಆ ಹೋಲಿಕೆಯಲ್ಲಿ ಒಂದೂ ದೊರೆಯಲಿಲ್ಲ.

ಚೀಟಿಯಿಲ್ಲದೆ ಸಿಗುವವೂ ನಿರಪಾಯಕಾರಿಯಲ್ಲ

ನೆಗಡಿ, ಅಲರ್ಜಿ, ಕೆಮ್ಮಿನ ಔಷಧಗಳಲ್ಲಿರುವ ಡೈಫೆನ್‌ಹೈಡ್ರಮೈನ್, ಕ್ಲೋರ್‌ಫೆನಿರಮೈನ್, ಪ್ರೊಮೆಥಜೈನ್ ತೂಕಡಿಕೆ ತರುತ್ತವೆಂದು ನಿದ್ರೆಗಾಗಿ ಬಳಸುವವರಿದ್ದಾರೆ. ಕೆಲವೇ ದಿನಗಳಲ್ಲಿ ತೂಕಡಿಕೆ ತಗ್ಗುತ್ತದೆ. ಮಲಬದ್ಧತೆ, ಮೂತ್ರ ಕಟ್ಟುವುದು, ಹಿರಿಯರಲ್ಲಿ ಗಲಿಬಿಲಿ ಉಳಿಯುತ್ತವೆ. ಕೇವಲ ನಿದ್ರೆಗಾಗಿ ಕ್ವೆಟಿಯಪಿನ್‌ನಂತಹ ಮನೋರೋಗದ ಔಷಧ ಸೇವಿಸುವುದೂ ಸರಿಯಲ್ಲ. ಖಿನ್ನತೆ ಮೊದಲಾದ ಬೇರೆ ಕಾಯಿಲೆ ಇದ್ದಾಗ ಅವುಗಳ ಲೆಕ್ಕವೇ ಬೇರೆ.

ಗಿಡಮೂಲಿಕೆಯೆಂದ ಮಾತ್ರಕ್ಕೆ ಹಾನಿಯಿಲ್ಲ ಎನ್ನುವಂತಿಲ್ಲ. ಅಶ್ವಗಂಧದಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಥೈರಾಯ್ಡ್ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಸರ್ಪಗಂಧವು ರಕ್ತದೊತ್ತಡವನ್ನು ಇಳಿಸುತ್ತದೆ, ಖಿನ್ನತೆ ತರಬಲ್ಲದು. ಹಾಲಿಗೆ ಚಿಟಿಕೆ ಜಾಯಿಕಾಯಿ ರುಚಿ. ಚಮಚಗಟ್ಟಲೆ ಆದರೆ ಅದು ವಿಷ. ಹಬ್ಬದೂಟದ ಗಸಗಸೆ ಪಾಯಸ ಊಟವಾಗಿಯೇ ಇರಲಿ, ಔಷಧವಾಗುವುದು ಬೇಡ. ಮದ್ಯ ನಿದ್ರೆ ಹತ್ತಿಸಿದಂತೆ ತೋರಿದರೂ ಇರುಳಿನ ಉತ್ತರಾರ್ಧವನ್ನು ಒಡೆದು ಹಾಕುತ್ತದೆ.

ಹಿರಿಯರ ವಿಷಯದಲ್ಲಿ ಲೆಕ್ಕವೇ ಬೇರೆ

ವಯಸ್ಸಾದಂತೆ ಯಕೃತ್ತು, ಮೂತ್ರಪಿಂಡಗಳು ಔಷಧವನ್ನು ಹೊರಹಾಕುವ ವೇಗ ತಗ್ಗುತ್ತದೆ. ಮೆದುಳು ಅದಕ್ಕೆ ಹೆಚ್ಚು ಸೂಕ್ಷ್ಮವಾಗುತ್ತದೆ. 60 ವರ್ಷ ಮೀರಿದವರ ಮೇಲಿನ 24 ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕವೊಂದು 2005ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ನಿದ್ರೆಯ ಮಾತ್ರೆಯಿಂದ ಹೆಚ್ಚಿದ ನಿದ್ರೆ ಸರಾಸರಿ 25 ನಿಮಿಷ. ಔಷಧವಿಲ್ಲದ ಹುಸಿಮಾತ್ರೆಗೆ ಹೋಲಿಸಿದಾಗ 13 ಮಂದಿ ಸೇವಿಸಿದರೆ ಒಬ್ಬರಿಗೆ ಹೆಚ್ಚಿನ ಉಪಕಾರ; 6 ಮಂದಿ ಸೇವಿಸಿದರೆ ಒಬ್ಬರಿಗೆ ಹೆಚ್ಚಿನ ತೊಂದರೆ. ಇಪ್ಪತ್ತೈದು ನಿಮಿಷಕ್ಕಾಗಿ ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿಯುವ ಅಪಾಯವನ್ನು ತಂದುಕೊಳ್ಳಬೇಕೇ ಎಂದು ಮನೆಯವರು ಕುಳಿತು ಯೋಚಿಸಬೇಕು.

ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘವು ಪಾಲಿಸುವ ‘ಬೀರ್ಸ್ ಮಾನದಂಡ’ವು 65 ವರ್ಷ ದಾಟಿದವರು ಬೆಂಜೊಡಯಾಜೆಪೀನ್, ಜೋಲ್ಪಿಡೆಮ್ ಬಳಗ ಮತ್ತು ತೂಕಡಿಕೆ ತರುವ ಹಳೆಯ ಅಲರ್ಜಿ ಔಷಧಗಳನ್ನು ನಿದ್ರೆಗಾಗಿ ಬಳಸದಿರುವುದೇ ಲೇಸೆನ್ನುತ್ತದೆ. ಇತ್ತೀಚೆಗೆ ಮರೆವು, ತಡಬಡಿಕೆ, ಮಾತಿನ ತೊದಲು ಕಾಣಿಸಿಕೊಂಡ ಹಿರಿಯರನ್ನು ‘ವಯಸ್ಸಾಯಿತು’ ಎಂದು ಬಿಟ್ಟುಬಿಡುವ ಮುನ್ನ ಅವರ ಮಾತ್ರೆಯ ಡಬ್ಬಿಯನ್ನು ವೈದ್ಯರಿಗೆ ತೋರಿಸಬೇಕು. ತೊದಲು ಅಥವಾ ಒಂದು ಪಕ್ಕದ ಬಲಹೀನತೆ ಹಠಾತ್ತನೆ ಬಂದರೆ ಮಾತ್ರ ಡಬ್ಬಿ ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು ವೈದ್ಯರ ಸಲಹೆಯಿಲ್ಲದೆ ಯಾವ ನಿದ್ರಾಜನಕವನ್ನೂ ಮುಟ್ಟಬಾರದು, ಮಕ್ಕಳಿಗೂ ಕೊಡಬಾರದು.

ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು

ನಮ್ಮ ದೇಶದಲ್ಲಿ ಅಲ್ಪ್ರಾಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್ಪಿಡೆಮ್ ಇವು ಎಚ್1 ಅನುಸೂಚಿಯ ಔಷಧಗಳು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದಂತೆ ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ. ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದು 3 ವರ್ಷ ಕಾಯ್ದಿಡಬೇಕು. ಪಟ್ಟಿಯ ಮೇಲಿನ ಕೆಂಪು ಚೌಕಟ್ಟಿನ ಎಚ್ಚರಿಕೆ ಇದರ ಗುರುತು. ಪರಿಚಯದ ಅಂಗಡಿಯವರು ಚೀಟಿ ಕೇಳದೆ ಕೊಟ್ಟರೆ ಅದು ಉಪಕಾರವಲ್ಲ.

ವೈದ್ಯರು ನಿದ್ರೆಯ ಮಾತ್ರೆ ಬರೆದಾಗ ವಿನಯದಿಂದ ಹೀಗೆ ಕೇಳಬಹುದು:

1. ನನ್ನ ನಿದ್ರೆ ಕೆಡಲು ಬೇರೆ ಕಾಯಿಲೆ ಅಥವಾ ಬೇರೆ ಮಾತ್ರೆ ಕಾರಣವಿರಬಹುದೇ?
2. ಇದು ನಿದ್ರೆ ಹತ್ತಲಿಕ್ಕೋ, ನಡುವೆ ಎಚ್ಚರವಾಗದಿರಲಿಕ್ಕೋ?
3. ನನ್ನ ವಯಸ್ಸಿಗೆ ಇದರ ಅತ್ಯಂತ ಕಡಿಮೆ ಪ್ರಮಾಣ ಎಷ್ಟು? ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಇದರ ಪರಿಣಾಮ ಇಳಿದಿರುತ್ತದೆಯೇ?
4. ನಾನು ಸೇವಿಸುತ್ತಿರುವ ಇತರ ಔಷಧಗಳೊಡನೆ ಇದು ಹೊಂದುತ್ತದೆಯೇ?
5. ಇದನ್ನು ಯಾವ ದಿನ ನಿಲ್ಲಿಸಬೇಕು?

ಐದನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ನಿಲ್ಲಿಸುವ ದಿನವನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಬೇಕು. ಗೊರಕೆ, ಮದ್ಯಪಾನದ ರೂಢಿ, ಹಿಂದೆ ಬಿದ್ದದ್ದು, ಮನಸ್ಸು ಕುಗ್ಗಿರುವುದು ಇವುಗಳಲ್ಲಿ ಯಾವುದನ್ನೂ ಸಂಕೋಚದಿಂದ ಮುಚ್ಚಿಡಬಾರದು.

ಈಗಾಗಲೇ ಸೇವಿಸುತ್ತಿರುವವರಿಗೆ

ಬಹುಕಾಲ ಸೇವಿಸಿದ ಬೆಂಜೊಡಯಾಜೆಪೀನನ್ನು ಥಟ್ಟನೆ ನಿಲ್ಲಿಸಿದರೆ ನಡುಕ, ಬೆವರು, ತೀವ್ರ ಕಳವಳ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಜಾತ್ರೆಗೋ ಮದುವೆಗೋ ಊರಿಗೆ ಹೋದವರು ಮಾತ್ರೆ ಮರೆತು ಹೋಗಿ ಹೀಗಾಗಬಹುದೆಂಬುದನ್ನು ಮನೆಯವರು ತಿಳಿದಿರಬೇಕು. ವೈದ್ಯರ ನಿಗಾದಲ್ಲಿ, ಎರಡು ವಾರಕ್ಕೆ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಸದೆ, ಬಹಳ ವರ್ಷ ಸೇವಿಸಿದವರು ಅದಕ್ಕಿಂತಲೂ ನಿಧಾನವಾಗಿ ತಗ್ಗಿಸಬೇಕು. ನಡುವೆ ಕೆಲವು ರಾತ್ರಿ ನಿದ್ರೆ ಕೆಡುತ್ತದೆ. ಅದು ಸೋಲಲ್ಲ, ದೇಹ ಹಳೆಯ ದಾರಿಗೆ ಮರಳುತ್ತಿರುವ ಸೂಚನೆ. ಮೇಲೆ ಹೇಳಿದ ನಿದ್ರೆಯ ಶಿಸ್ತನ್ನು ಜೊತೆಯಲ್ಲಿಯೇ ಪಾಲಿಸಿದರೆ ಬಿಡುವುದು ಸುಲಭವಾಗುತ್ತದೆ. ಮೂರ್ಛೆರೋಗಕ್ಕಾಗಿ ಈ ಮಾತ್ರೆ ಸೇವಿಸುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಇಷ್ಟು ವರ್ಷಗಳ ರೂಢಿ ಬಿಡಲು ಸಾಧ್ಯವೇ ಎಂದು ಶಂಕಿಸುವವರಿಗೆ ಒಂದು ಸಂಗತಿ ಹೇಳುತ್ತೇವೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಬೆಂಜೊಡಯಾಜೆಪೀನ್ ಸೇವಿಸುತ್ತಿದ್ದ 65 ವರ್ಷ ಮೀರಿದ 303 ಮಂದಿಯಲ್ಲಿ ಒಂದು ಗುಂಪಿಗೆ ಮಾತ್ರೆಯ ಅಪಾಯವನ್ನೂ ಹಂತಹಂತವಾಗಿ ಬಿಡುವ ಬಗೆಯನ್ನೂ ವಿವರಿಸುವ ಪುಸ್ತಿಕೆಯೊಂದನ್ನು ಕೊಡಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ತಿಂಗಳಲ್ಲಿ ಆ ಗುಂಪಿನ ಶೇ. 27ರಷ್ಟು ಮಂದಿ ಮಾತ್ರೆಯನ್ನು ಪೂರ್ಣವಾಗಿ ಬಿಟ್ಟಿದ್ದರು. ಪುಸ್ತಿಕೆ ದೊರೆಯದವರಲ್ಲಿ ಬಿಟ್ಟವರು ಶೇ. 5 ಮಾತ್ರ. ತಿಳಿವಳಿಕೆಯೇ ಅರ್ಧ ಚಿಕಿತ್ಸೆಯಾಗಬಲ್ಲದು.

ನೆರವು ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹಾಗೂ ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳಲ್ಲಿ ಸಲಹೆ ದೊರೆಯುತ್ತದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿದ್ರೆಯಿಲ್ಲದ ರಾತ್ರಿಗಳಲ್ಲಿ ಬದುಕೇ ಬೇಡವೆನಿಸಿದವರು ಬೆಳಗಾಗುವವರೆಗೆ ಕಾಯದೆ ಈ ಸಂಖ್ಯೆಗೆ ಕರೆಮಾಡಬೇಕು, ಮನೆಯವರನ್ನು ಎಬ್ಬಿಸಬೇಕು. ಅಂಥ ಮನೆಯಲ್ಲಿ ಮಾತ್ರೆಗಳ ಪಟ್ಟಿ ಇತರರ ವಶದಲ್ಲಿರಬೇಕು.

ಈ ತಿಂಗಳು ಭಕ್ತರೆಲ್ಲರೂ ಒಂದು ಕೆಲಸ ಮಾಡಬೇಕೆಂದು ಕೋರುತ್ತೇವೆ. ಮನೆಯ ಹಿರಿಯರ ಮಾತ್ರೆಯ ಡಬ್ಬಿಯನ್ನು ಅವರ ಅನುಮತಿ ಪಡೆದು ತೆರೆದು ನೋಡಿರಿ. ನಿದ್ರೆಯ ಮಾತ್ರೆ ಇದ್ದರೆ ಅದರ ಮೂಲ ಹೆಸರು, ಪ್ರಮಾಣ, ಎಷ್ಟು ವರ್ಷಗಳಿಂದ ಸೇವಿಸುತ್ತಿದ್ದಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅವರ ಜೊತೆಯಲ್ಲಿಯೇ ವೈದ್ಯರನ್ನು ಕಾಣಿರಿ. ಅವರನ್ನು ಗದರಬೇಡಿರಿ, ಮಾತ್ರೆಯನ್ನು ಕಸಿದುಕೊಳ್ಳಬೇಡಿರಿ. ರಾತ್ರಿ ಬಚ್ಚಲಿನ ದಾರಿಯಲ್ಲಿ ಒಂದು ಸಣ್ಣ ದೀಪವನ್ನು ಇಂದೇ ಹಾಕಿಸಿರಿ.